ಅಶ್ವಗಂಧ ನಿದ್ರೆಗೆ ಬದಲಿಯಲ್ಲ



ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯುಂಟು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅನೇಕ ಕಚೇರಿಗಳಲ್ಲಿ ಅಮೆರಿಕದ ಹಗಲೇ ದುಡಿಮೆಯ ವೇಳೆ. ಅಲ್ಲಿಂದ ಚಿಕಿತ್ಸೆಗೆ ಬರುವ ತರುಣರ ಕೈಯಲ್ಲಿ ಅಶ್ವಗಂಧದ ಗುಳಿಗೆಗಳನ್ನು ನಾವು ಮೇಲಿಂದ ಮೇಲೆ ಕಾಣುತ್ತಿದ್ದೇವೆ. ಅದು ಒತ್ತಡದ ಹಾರ್ಮೋನಾದ ಕಾರ್ಟಿಸಾಲನ್ನು ಇಳಿಸುತ್ತದೆಂಬುದು ಅವರ ನಂಬಿಕೆ.

ಕಾರ್ಟಿಸಾಲ್ ನಮ್ಮ ಶತ್ರುವಲ್ಲ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಇದು ಮುಂಜಾನೆ ಏರಿ ನಮ್ಮನ್ನು ಕಾಯಕಕ್ಕೆ ಸಿದ್ಧಗೊಳಿಸುತ್ತದೆ. ನಡುರಾತ್ರಿಯ ವೇಳೆಗೆ ಇಳಿದು ವಿಶ್ರಾಂತಿಗೆ ಎಡೆಮಾಡುತ್ತದೆ. ಪಾಳಿ ಬದಲಾದಂತೆಲ್ಲ ಕೆಡುವುದು ಈ ಲಯ.

ನಮ್ಮ ಹಳ್ಳಿಗಳ ಹಿರೇಮದ್ದಿನ ಗಿಡವೇ ಅಶ್ವಗಂಧ. ಚರಕಾಚಾರ್ಯರು ಇದನ್ನು ಬಲ್ಯ ಮತ್ತು ಬೃಂಹಣೀಯ ದ್ರವ್ಯಗಳಲ್ಲಿ ಎಣಿಸಿದ್ದಾರೆ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ ಒತ್ತಡಪೀಡಿತರಾದ 64 ಜನರಿದ್ದರು. ಬೇರಿನ ಸಾರವನ್ನು 300 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ 60 ದಿನ ಸೇವಿಸಿದವರಲ್ಲಿ ಕಾರ್ಟಿಸಾಲ್ ಗಣನೀಯವಾಗಿ ಇಳಿಯಿತು. ಆದರೆ ಎರಡು ತಿಂಗಳ ಈ ಸಣ್ಣ ಅಧ್ಯಯನವನ್ನು ನೆಚ್ಚಿ ವರ್ಷಗಟ್ಟಲೆ ಸೇವಿಸುವುದು ಯುಕ್ತವಲ್ಲ.

ಚೂರ್ಣ ಬೇರೆ, ಸಾರ ಬೇರೆ. ಪೀಣ್ಯದ ಸಾಮಿ-ಸಬಿನ್ಸಾ ಗ್ರೂಪ್ (ಹಿಂದಿನ ಸಾಮಿ ಲ್ಯಾಬ್ಸ್), ಎಲೆಕ್ಟ್ರಾನಿಕ್ ಸಿಟಿ ಬಳಿಯ ವೀರಸಂದ್ರದ ನ್ಯಾಚುರಲ್ ರೆಮಿಡೀಸ್‌ನಂತಹ ಸಂಸ್ಥೆಗಳು ಗಿಡಮೂಲಿಕೆಗಳ ಸಾರ ತೆಗೆಯುವ ಉದ್ಯಮದಲ್ಲಿವೆ. ಸಾರದಲ್ಲಿ ಮೂಲಿಕೆಯ ಅಂಶಗಳು ಸಾಂದ್ರವಾಗಿರುತ್ತವೆ. ಆದ್ದರಿಂದ ಚೂರ್ಣಕ್ಕೆ ಹೇಳಿದ 3ರಿಂದ 6 ಗ್ರಾಂ ಪ್ರಮಾಣ ಸಾರಕ್ಕೆ ಅನ್ವಯಿಸದು. ಎಲೆಗಳನ್ನು ಬಳಸಬಾರದೆಂದು ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಡಬ್ಬಿಯ ಮೇಲೆ ಬೇರು ಎಂದು ಸ್ಪಷ್ಟವಾಗಿ ನಮೂದಾಗಿರುವುದನ್ನು ನೋಡಿಯೇ ಕೊಳ್ಳಬೇಕು.

ಗರ್ಭಿಣಿಯರು ಇದನ್ನು ವರ್ಜಿಸಬೇಕು. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನಿದ್ರಾಹೀನತೆ, ಎದೆಬಡಿತ, ಕೈನಡುಕಗಳು ಥೈರಾಯ್ಡ್ ಹೆಚ್ಚಳದ ಲಕ್ಷಣಗಳೂ ಆಗಿರಬಹುದಾದ್ದರಿಂದ ಮೊದಲು ರಕ್ತಪರೀಕ್ಷೆ ಅಗತ್ಯ. ಮಧುಮೇಹ, ರಕ್ತದೊತ್ತಡ ಅಥವಾ ನಿದ್ರೆಯ ಔಷಧ ಸೇವಿಸುವವರು ವೈದ್ಯರನ್ನು ಕೇಳಬೇಕು. ವಿರಳವಾಗಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ; ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಕೂಡಲೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಆಯುರ್ವೇದವು ದೇಹದ ಮೂರು ಉಪಸ್ತಂಭಗಳೆಂದು ಕರೆದಿದೆ. ಒಂದು ಕಂಬ ಕುಸಿದಿರುವಾಗ ಗೋಡೆಗೆ ಸುಣ್ಣ ಬಳಿದು ಫಲವೇನು? ರಾತ್ರಿ ಎಚ್ಚರವಿದ್ದವರು ಮರುದಿನ ಬೆಳಿಗ್ಗೆ ಉಣ್ಣುವ ಮೊದಲೇ, ಜಾಗರಣೆಯ ಅರ್ಧದಷ್ಟು ಕಾಲ ಮಲಗಬೇಕೆಂದು ವಾಗ್ಭಟಾಚಾರ್ಯರು ವಿಧಿಸಿದ್ದಾರೆ. ಪಾಳಿ ಮುಗಿಸಿ ಬಂದವರು ಹೊಟ್ಟೆ ತುಂಬ ತಿಂದು ಮೊಬೈಲ್ ಹಿಡಿಯುವ ಬದಲು, ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ, ಕತ್ತಲಾಗಿಸಿದ ಕೋಣೆಯಲ್ಲಿ ಮಲಗಲಿ. ಮಧುಮೇಹಿಗಳು ಮಾತ್ರ ಉಪವಾಸ ಮಲಗಬಾರದು. ಎದ್ದು ಸ್ನಾನ ಮುಗಿಸಿ, ಇಷ್ಟಲಿಂಗ ಪೂಜೆಗೆ ಕುಳಿತು, ಬಳಿಕ ಪ್ರಸಾದ ಸ್ವೀಕರಿಸಲಿ. ಮನೆಯವರು ಆ ಹೊತ್ತಿನಲ್ಲಿ ಟಿ.ವಿ. ಸದ್ದಡಗಿಸಿ ಅವರ ನಿದ್ರೆಯನ್ನು ಕಾಯುವುದೂ ಒಂದು ಸೇವೆಯೇ. ಇಷ್ಟನ್ನು ಒಂದು ತಿಂಗಳು ಪಾಲಿಸಿದರೂ ನೆಮ್ಮದಿ ದೊರೆಯದಿದ್ದರೆ ವೈದ್ಯರ ಬಳಿಗೆ ಬರಲಿ. ಅಶ್ವಗಂಧ ಬೇಕೇ, ಎಷ್ಟು, ಎಷ್ಟು ದಿನ ಎಂಬುದನ್ನು ಆಗ ನಿರ್ಧರಿಸೋಣ.