ಅಣಬೆ ಒಣಗಿಸೋದು ಎರಡು ದಿನದ ಕೆಲಸ, ಕಾಪಾಡೋದು ಆರು ತಿಂಗಳ ಕೆಲಸ

ಚಿಪ್ಪು ಅಣಬೆಗೆ ಸಂತೆಯ ದಿನ ಗೊತ್ತಿಲ್ಲ. ಚೀಲಗಳನ್ನು ಒಂದೇ ವಾರ ಕಟ್ಟಿದ್ದರೆ ಮೊಗ್ಗು ಒಮ್ಮೆಲೇ ಬಂದು, ಎರಡು-ಮೂರು ದಿನದಾಗ ಎಲ್ಲಾ ಕೊಯ್ಲಿಗೆ ನಿಲ್ಲುತ್ತವೆ. ಕೊಯ್ದ ಅಣಬೆ ಹೊರಗಿಟ್ಟರೆ ಒಂದು ದಿನ, ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ. ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರದಂಥ ಊರುಗಳಲ್ಲಿ ಕಾಯಂ ಅಣಬೆ ಕೊಳ್ಳುವ ಗಿರಾಕಿ ಬೆಂಗಳೂರಿನಷ್ಟು ಸಿಗೋದಿಲ್ಲ. ಸಂಜೆಯಾದರೆ ಅವರು ಕೇಳಿದ ರೇಟಿಗೇ ಕೊಡಬೇಕು. ಒಣಗಿಸಿ ಕಾಪಾಡೋದು ಗೊತ್ತಿದ್ದರೆ ಈ ‘ಇವತ್ತೇ ಮಾರಬೇಕು’ ಅನ್ನೋ ಒತ್ತಡ ತಪ್ಪುತ್ತದೆ.

ಮೊದಲು ಲೆಕ್ಕ ಹಾಕ್ರಿ

ಹಸಿ ಅಣಬೆಯಲ್ಲಿ ಶೇ. 90ರಷ್ಟು ನೀರೇ ಇರುತ್ತದೆ. 10 ಕೆ.ಜಿ. ಹಸಿ ಅಣಬೆ ಒಣಗಿದರೆ ಕೈಗೆ ಸಿಗೋದು ಸುಮಾರು 1 ಕೆ.ಜಿ. ಉದಾಹರಣೆಗೆ, ಹಸಿದು ಕೆ.ಜಿ.ಗೆ 200 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಒಣ ಅಣಬೆಗೆ ಕೆ.ಜಿ.ಗೆ 2,000 ರೂಪಾಯಿ ಮತ್ತು ಅದರ ಮೇಲೆ ಕೂಲಿ, ಕರೆಂಟು, ಪ್ಯಾಕಿಂಗ್ ಖರ್ಚು ಬಂದರೆ ಮಾತ್ರ ಸರಿಹೋಗುತ್ತದೆ. ಸಂಜೆ ಅದೇ ಅಣಬೆಯನ್ನು 80 ರೂಪಾಯಿಗೆ ಕೇಳಿದರೆ ಲೆಕ್ಕ ಬದಲಾಗುತ್ತದೆ, ಆಗ ಒಣಗಿಸೋದೇ ಲಾಭ.

ಹಂಗಾಗಿ ನಿಯಮ ಒಂದೇ: ಒಳ್ಳೇ ರೇಟಿಗೆ ಹೋಗುವಷ್ಟನ್ನು ಹಸಿಯಾಗಿ ಮಾರಿ, ಉಳಿಯುತ್ತದೆ ಅಂತ ಅನಿಸಿದ್ದನ್ನು ಅದೇ ದಿನ ಒಣಗಲು ಹಾಕಿ. ಮೂರು ದಿನ ಫ್ರಿಜ್‌ನಲ್ಲಿಟ್ಟು, ಹಳದಿಯಾಗಿ ಲೋಳೆ ಬಂದ ಮೇಲೆ ಒಣಗಿಸಿದರೆ ಒಣಗಿದ್ದೂ ಕೆಟ್ಟದ್ದೇ.

ಕೊಯ್ಲಿನ ದಿನ

• ಕೊಯ್ಯುವ ಹಿಂದಿನ ಸಂಜೆಯಿಂದ ಅಣಬೆ ಮೇಲೆ ನೀರು ಸಿಂಪಡಿಸಬೇಡಿ. ಎಷ್ಟು ನೀರು ಹೊಡೀತೀರೋ ಅಷ್ಟನ್ನೂ ಮತ್ತೆ ನೀವೇ ಒಣಗಿಸಬೇಕು.
• ಅಂಚು ತೆಳುವಾಗಿ ಮೇಲಕ್ಕೆ ಮಡಿಚುವ ಮೊದಲೇ ಕೊಯ್ಯಿರಿ.
• ತೊಳೆಯಬೇಡಿ. ಬುಡಕ್ಕೆ ಅಂಟಿದ ಕಣಿಕಿ, ಹುಲ್ಲನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ.
• ಉದ್ದುದ್ದ ಸೀಳಿ, ಎಲ್ಲಾ ಚೂರು ಒಂದೇ ದಪ್ಪ ಇರಲಿ. ದಪ್ಪ ತೊಟ್ಟು ತಡವಾಗಿ ಒಣಗುತ್ತದೆ, ಅದಕ್ಕೆ ಬೇರೆ ಟ್ರೇ.

ನಮ್ಮ ಕಡೆ ಅರಿಷಿಣ ಕುದಿಸಿ ಒಣಗಿಸೋದು ಎಲ್ಲರಿಗೂ ರೂಢಿ. ಚಿಪ್ಪು ಅಣಬೆಗೆ ಅದು ಬ್ಯಾಡ. ಬಿಸಿನೀರಿಗೆ ಹಾಕಿದರೆ ನೀರು ಹೀರಿಕೊಂಡು ಒಣಗೋದು ಇನ್ನೂ ತಡ, ರುಚಿಯೂ ನೀರಿನ ಜೊತೆ ಹೋಗುತ್ತದೆ. ಬೇಸಿಗೆಯಲ್ಲಿ ಬೆಳೆಯುವ ಹಾಲು ಅಣಬೆ ದಪ್ಪ, ಅದನ್ನು ಅರ್ಧ ಸೆಂಟಿಮೀಟರ್ ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸಬಹುದು. ಬಟನ್ ಅಣಬೆ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಅದನ್ನು ಮನೆಯಲ್ಲಿ ಒಣಗಿಸುವ ಗೋಜಿಗೆ ಹೋಗಬೇಡಿ.

ಮಾಳಿಗೆ ಮೇಲಿನ ಬಿಸಿಲು

ಶ್ಯಾವಿಗಿ, ಸಂಡಿಗಿ ಒಣಗುವ ಮಾಳಿಗೆಯಲ್ಲೇ ಅಣಬೆಯೂ ಒಣಗುತ್ತದೆ. ಆದರೆ ನೆಲದ ಮೇಲೆ ಚಾಪೆ ಹಾಸಿ ಅಲ್ಲ. ವಿಜಯಪುರದ ಕಡೆ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿರಬಹುದು: ಹಣ್ಣು ನೆಟ್ ಮೇಲೆ, ಗಾಳಿ ಕೆಳಗಿನಿಂದಲೂ ಆಡುತ್ತದೆ. ಅದೇ ತತ್ವ ಇಲ್ಲಿಯೂ. ಕಟ್ಟಿಗೆಯ ಚೌಕಟ್ಟಿಗೆ ಹೊಸ ಸೊಳ್ಳೆ ಪರದೆ ಬಿಗಿದು, ಮೊಳಕಾಲೆತ್ತರಕ್ಕೆ ಇಡಿ. ಚೂರುಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರ ಹರಡಿ.

ಮೊದಲ ಒಂದು ತಾಸು ಅಣಬೆಯ ಕೆಳಭಾಗದ ಪದರುಗಳು ಸೂರ್ಯನ ಕಡೆ ಇರಲಿ. ಬಿಸಿಲಿನ ನೇರಳಾತೀತ ಕಿರಣಗಳಿಂದ ಅಣಬೆಯಲ್ಲಿ ವಿಟಮಿನ್ ಡಿ-2 ಹುಟ್ಟುತ್ತದೆ. ಆಮೇಲೆ ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿ. ನೇಕಾರರ ಊರಲ್ಲಿ ಹಳೇ ಧೋತರಕ್ಕೇನು ಬರ ಇಲ್ಲ! ಆದರೆ ಮಗ್ಗದ ಶೆಡ್ಡಿನ ಅರಳಿ ಧೂಳು, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಮಣ್ಣು ಬೀಳುವ ಜಾಗ ಬಿಟ್ಟು ಬೇರೆ ಕಡೆ ಇಡಿ.

ಒಳ್ಳೇ ಬಿಸಿಲಿದ್ದರೆ ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ ಸಾಕಾಗುತ್ತದೆ. ಬಿಸಿಲು ಇಳಿಯುವ ಮೊದಲೇ ಟ್ರೇ ಒಳಗೆ ತರಬೇಕು. ರಾತ್ರಿಯ ಇಬ್ಬನಿ ಹಗಲೆಲ್ಲಾ ಒಣಗಿಸಿದ್ದನ್ನು ಮತ್ತೆ ತೋಯಿಸುತ್ತದೆ. ಫೋನಿನಲ್ಲಿ ‘ಮೇಘದೂತ್’ ಆ್ಯಪ್ ಹಾಕಿಕೊಳ್ಳಿ, ಮುಂದಿನ ಐದು ದಿನದ ಜಿಲ್ಲಾವಾರು ಹವಾಮಾನ ಅದರಲ್ಲಿ ಸಿಗುತ್ತದೆ. ಮೋಡ ಮುಸುಕುವುದಿದ್ದರೆ ಬಿಸಿಲನ್ನು ನಂಬಿ ಟ್ರೇ ಹರಡಬೇಡಿ.

ಡ್ರೈಯರ್ ಇದ್ದರೆ

ಮಳೆಗಾಲಕ್ಕೆ ಕರೆಂಟಿನ ಡ್ರೈಯರ್ ಬೇಕೇ ಬೇಕು. ಮೊದಲ ಎರಡು ತಾಸು 45 ಡಿಗ್ರಿ ಸೆಲ್ಸಿಯಸ್, ಆಮೇಲೆ 55ರಿಂದ 60. ಒಟ್ಟು 6ರಿಂದ 10 ತಾಸು. ಬೇಗ ಆಗಲಿ ಅಂತ ಶುರುವಿನಲ್ಲೇ ಉರಿ ಏರಿಸಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಡಬ್ಬಿಯಲ್ಲಿ ಅದೇ ಮೊದಲು ಬೂಸ್ಟು ಹಿಡಿಯುತ್ತದೆ.

ಕರೆಂಟಿನ ಲೆಕ್ಕವನ್ನೂ ನೋಡ್ರಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು ಮುಕ್ಕಾಲು ಯೂನಿಟ್ ಬೇಕು. 10 ಕೆ.ಜಿ. ಅಣಬೆಯಿಂದ 9 ಲೀಟರ್ ನೀರು ಹೊರಗೆ ಹೋಗಬೇಕು, ಅಂದರೆ 6-7 ಯೂನಿಟ್. ಬಿಸಿ ಗಾಳಿ ಹೊರಗೆ ಹೋಗುವುದರಿಂದ ಅದರ ಎರಡು ಪಟ್ಟು ಹಿಡಿದುಕೊಂಡರೆ ಸೇಫ್.

ಒಣಗ್ಯಾವೋ ಇಲ್ಲೋ?

ಇದಕ್ಕೆ ಮೂರು ಪರೀಕ್ಷೆ.

1. ಸದ್ದು: ದಪ್ಪನೆಯ ಚೂರನ್ನು ಮುರಿಯಿರಿ. ಕಡಕ್ ರೊಟ್ಟಿಯಂತೆ ‘ಕಟ್’ ಅಂತ ಮುರಿಯಬೇಕು. ಚರ್ಮದಂತೆ ಬಾಗಿದರೆ ಇನ್ನೂ ಹಸಿ ಇದೆ.
2. ತೂಕ: ಟ್ರೇ ತೂಗಿ, ಇನ್ನೊಂದು ತಾಸು ಒಣಗಿಸಿ, ಮತ್ತೆ ತೂಗಿ. ತೂಕ ಇಳಿಯದಿದ್ದರೆ ಆಯಿತು.
3. ಬಾಟಲಿ: ಆರಿದ ಮೇಲೆ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ ಒಂದು ವಾರ ಇಡಿ, ದಿನಕ್ಕೊಮ್ಮೆ ಅಲ್ಲಾಡಿಸಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಅಥವಾ ಚೂರುಗಳು ಮೆತ್ತಗಾದರೆ ಎಲ್ಲಾ ಹೊರತೆಗೆದು ಮತ್ತೆ ಒಣಗಿಸಿ.

ಮೂರನೆಯದನ್ನು ತಪ್ಪಿಸಬೇಡಿ. ದಪ್ಪ ಚೂರಿನ ತೇವ ತೆಳು ಚೂರಿಗೆ ಹೋಗಿ ಸಮ ಆಗಲು ಆ ವಾರ ಬೇಕು.

ಮಾಲು ಕೆಡೋದು ಡಬ್ಬಿಯಲ್ಲಿ

ಒಣ ಅಣಬೆ ಅಂದರೆ ಸ್ಪಂಜು ಇದ್ದಂತೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ:

• ಬಿಸಿ ಇರುವಾಗ ಪ್ಯಾಕ್ ಮಾಡಬೇಡಿ, ಒಳಗೆ ಬೆವರುತ್ತದೆ. ತಣ್ಣಗಾದ ಕೂಡಲೇ ತುಂಬಿ, ರಾತ್ರಿಯಿಡೀ ತೆರೆದಿಡಬೇಡಿ.
• ಬಿಗಿ ಮುಚ್ಚಳದ ಗಾಜಿನ ಬಾಟಲಿ ಅಥವಾ ಒಳಗೆ ಅಲ್ಯೂಮಿನಿಯಂ ಪದರವಿರುವ ಪೌಚ್ ಬಳಸಿ. ತೆಳು ಕ್ಯಾರಿಬ್ಯಾಗ್ ತೇವ ತಡೆಯುವುದಿಲ್ಲ.
• 50 ಗ್ರಾಂನ ಸಣ್ಣ ಪ್ಯಾಕೆಟ್ ಒಳ್ಳೇದು. ದೊಡ್ಡ ಡಬ್ಬಿ ತೆಗೆದಾಗಲೆಲ್ಲಾ ಇಡೀ ಮಾಲಿಗೆ ಗಾಳಿ ತಾಗುತ್ತದೆ.
• ಆಹಾರಕ್ಕೆ ಬಳಸುವ ಸಿಲಿಕಾ ಜೆಲ್ ಪೊಟ್ಟಣ ಒಂದೊಂದು ಹಾಕಿ.
• ಹುಳದ ಮೊಟ್ಟೆ ಇದ್ದರೆ ಸಾಯಲಿ ಅಂತ, ಪ್ಯಾಕ್ ಮಾಡಿದ್ದನ್ನು ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ಹೊರತೆಗೆದು ಪೂರ್ತಿ ಬೆಚ್ಚಗಾದ ಮೇಲೆಯೇ ಬಾಯಿ ಬಿಚ್ಚಿ.
• ಕತ್ತಲು, ತಂಪು ಜಾಗದಲ್ಲಿಡಿ. ಅರಿಷಿಣ, ಇಂಗು, ಔಷಧಿ ಡಬ್ಬಿಗಳ ಹತ್ತಿರ ಬ್ಯಾಡ, ವಾಸನೆ ಹಿಡಿಯುತ್ತದೆ.
• ಕೊಯ್ದ ದಿನ, ಒಣಗಿಸಿದ ದಿನ ಚೀಟಿ ಮೇಲೆ ಬರೆಯಿರಿ. ಹಳೇದು ಮೊದಲು ಹೋಗಲಿ.

ಹೀಗಿಟ್ಟರೆ ಆರು ತಿಂಗಳು ಧೈರ್ಯವಾಗಿ ಇಡಬಹುದು. ಎಲ್ಲೋ ಒಂದು ಕಡೆ ಬೂಸ್ಟು ಕಂಡರೂ ಆ ಇಡೀ ಪ್ಯಾಕೆಟ್ ತಿಪ್ಪೆಗೆ. ಆರಿಸಿ ಉಳಿದದ್ದನ್ನು ಮಾರಬೇಡಿ.

ಅಡುಗೆ, ಮಾರಾಟ

ಬೆಚ್ಚನೆ ನೀರಿನಲ್ಲಿ ಅರ್ಧ ತಾಸು ನೆನೆಸಿದರೆ ಪಲ್ಯಕ್ಕೆ ತಯಾರು. ನೆನೆಸಿದ ನೀರು ಚೆಲ್ಲದೆ ಸಾರಿಗೆ ಹಾಕಿ. ಮುರಿದ ಚೂರುಗಳನ್ನು ಪುಡಿ ಮಾಡಿ ಸಾರು, ಸೂಪಿಗೆ ಬಳಸಬಹುದು. ಪುಡಿ ಬೇಗ ತೇವ ಹಿಡಿಯುತ್ತದೆ, ಆರ್ಡರ್ ಬಂದಷ್ಟೇ ಬೀಸಿರಿ. ಬೀಸುವಾಗ ಮಾಸ್ಕ್ ಇರಲಿ.

ಪ್ಯಾಕೆಟ್ ಮಾರುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆನ್‌ಲೈನ್‌ನಲ್ಲೇ ಆಗುತ್ತದೆ. ತರಬೇತಿಗೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೇಳಿ. ಅಣಬೆ ಬೀಜ ಮತ್ತು ತರಬೇತಿ ಬೆಂಗಳೂರಿನ ಹೆಸರಘಟ್ಟದ ಐಐಎಚ್‌ಆರ್‌ನಲ್ಲೂ ಸಿಗುತ್ತವೆ.

ಒಂದು ಮಾತು ಮರೀಬೇಡಿ

ಮೊದಲ ಮಳೆಗೆ ಹುತ್ತದ ಮೇಲೆ, ಬದುವಿನ ಮೇಲೆ ಎದ್ದ ಕಾಡು ಅಣಬೆಯನ್ನು ಒಣಗಿಸಿ ಮಾರಬೇಡಿ. ಒಣಗಿಸಿದರೂ ಕುದಿಸಿದರೂ ಕೆಲವು ಅಣಬೆಗಳ ವಿಷ ಹೋಗುವುದಿಲ್ಲ. ನೀವೇ ಬೀಜ ಹಾಕಿ ಬೆಳೆದದ್ದನ್ನು ಮಾತ್ರ ಪ್ಯಾಕ್ ಮಾಡಿ.

ಮುಂದಿನ ಕೊಯ್ಲಿನಲ್ಲಿ ಒಂದೇ ಕೆ.ಜಿ. ತೆಗೆದು ಒಣಗಿಸಿ ನೋಡಿ. ಹಸಿ ತೂಕ, ಒಣ ತೂಕ, ಹಿಡಿದ ತಾಸು ಈ ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಡ್ರೈಯರ್ ಕೊಳ್ಳಬೇಕೋ, ಮಾಳಿಗೆ ಸಾಕೋ ಅನ್ನೋದನ್ನು ಆ ಲೆಕ್ಕವೇ ಹೇಳುತ್ತದೆ.