ಬಿಸಿನೀರ ತೊಟ್ಟಿಯ ನಿಯಂತ್ರಣ ಫಲಕ: ದೋಷಪರೀಕ್ಷೆ ಮತ್ತು ದುರಸ್ತಿ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 1960ರ ದಶಕದ ಸುಮಾರಿಗೆ, ದ್ರಾಕ್ಷಾಮದ್ಯ ತುಂಬುವ ಹಳೆಯ ಮರದ ಪೀಪಾಯಿಗಳಲ್ಲಿ ಬಿಸಿನೀರು ಹಾಕಿಕೊಂಡು ಕುಳಿತುಕೊಳ್ಳುವ ಪದ್ಧತಿಯೊಂದು ಬಳಕೆಗೆ ಬಂದಿತು. ‘ಹಾಟ್ ಟಬ್’ ಎಂಬ ಹೆಸರು ರೂಢಿಯಾದುದು ಇದರಿಂದಲೇ. ಇದಕ್ಕೂ ಮುಂಚೆ, 1940ರ ದಶಕದ ಕೊನೆಯಲ್ಲಿ, ಅದೇ ಪ್ರಾಂತದಲ್ಲಿ ನೆಲೆಸಿದ್ದ ಕ್ಯಾಂಡಿಡೊ ಜಕೂಝಿ ಎಂಬಾತನು ಸಂಧಿವಾತದಿಂದ ನರಳುತ್ತಿದ್ದ ತನ್ನ ಮಗನಿಗಾಗಿ ಸ್ನಾನದ ನೀರನ್ನು ಸುಳಿಯಾಡಿಸುವ ಪಂಪೊಂದನ್ನು ರೂಪಿಸಿದ್ದನು. ಮುಂದೆ ಈ ತೊಟ್ಟಿಗಳಿಗೆ ಪಂಪು, ಹೀಟರು, ಇವೆಲ್ಲವನ್ನೂ ಆಳುವ ಎಲೆಕ್ಟ್ರಾನಿಕ್ ಫಲಕ ಒಂದೊಂದಾಗಿ ಸೇರಿಕೊಂಡವು.

ಈ ಫಲಕದ ಕೆಲಸವನ್ನು ತಿಳಿಯಲು ಕನ್ನಡನಾಡಿನ ಬಚ್ಚಲುಮನೆಯ ಹಂಡೆಯನ್ನು ನೆನೆದರೆ ಸಾಕು. ಮನೆಯಾಕೆ ಉರಿ ಹಾಕುವ ಮೊದಲು ಹಂಡೆಯಲ್ಲಿ ನೀರಿದೆಯೇ ಎಂದು ನೋಡುತ್ತಾಳೆ. ನಡುನಡುವೆ ಬೆರಳದ್ದಿ ಕಾವು ಅರಿಯುತ್ತಾಳೆ. ಬಿಸಿ ಮೀರಿದರೆ ಸೌದೆಯನ್ನು ಹಿಂದಕ್ಕೆಳೆಯುತ್ತಾಳೆ. ತೊಟ್ಟಿಯಲ್ಲಿ ನೀರನ್ನು ನೋಡುವ ಕಣ್ಣು ಒತ್ತಡದ ಸ್ವಿಚ್ಚು, ಅದ್ದುವ ಬೆರಳು ಥರ್ಮಿಸ್ಟರು, ಸೌದೆಯನ್ನೆಳೆಯುವ ಕೈ ರಿಲೇ. ಇವುಗಳ ನಡುವೆ ಕುಳಿತು ನಿರ್ಧಾರ ಮಾಡುವುದೇ ಫಲಕ. ಭೇದವಿಷ್ಟೆ: ಇಲ್ಲಿ ಸ್ನಾನ ಮಾಡುವವನು ಹಂಡೆಯೊಳಗೇ ಕುಳಿತಿರುತ್ತಾನೆ, ಮತ್ತು ಉರಿಯ ಬದಲು 240 ವೋಲ್ಟಿನ ವಿದ್ಯುತ್ತಿರುತ್ತದೆ. ಆದುದರಿಂದ ಈ ದುರಸ್ತಿಯಲ್ಲಿ ಅಜಾಗರೂಕತೆಗೆ ಎಡೆಯಿಲ್ಲ.

ತೊಟ್ಟಿ ಬಿಸಿಯಾಗದಿದ್ದಾಗ ಬಹುಮಂದಿ ಮೊದಲು ದೂರುವುದು ಫಲಕವನ್ನೇ. ಬೆಲೆಬಾಳುವ ಹೊಸ ಫಲಕವನ್ನು ತರಿಸಿ ಜೋಡಿಸಿದ ಮೇಲೂ ತೊಂದರೆ ಹಾಗೆಯೇ ಉಳಿಯುವುದುಂಟು. ಫಲಕವು ಅನೇಕ ಸಂದರ್ಭಗಳಲ್ಲಿ ದೋಷಿಯಲ್ಲ, ದೋಷವನ್ನು ವರದಿ ಮಾಡುವ ಸಾಕ್ಷಿ ಮಾತ್ರ. ನೀರಿನ ಹರಿವು ಸಾಲದೆಂದು ಅದು ಸೂಚಿಸಿದರೆ ಮೊದಲು ನೋಡಬೇಕಾದುದು ಕೊಳೆ ತುಂಬಿದ ಶೋಧಕವನ್ನು. ಶೋಧಕವನ್ನು ಹೊರತೆಗೆದು ಪಂಪನ್ನು ನಡೆಸಿದಾಗ ಸೂಚನೆ ಮಾಯವಾದರೆ ರೋಗ ತಿಳಿದಂತಾಯಿತು. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೂ, ಕವಾಟ ಮುಚ್ಚಿದ್ದರೂ ಇದೇ ಸೂಚನೆ ಬರುತ್ತದೆ.

ಮುಂದಿನ ಪರೀಕ್ಷೆಗಳಿಗೆ ಬೇಕಾದ ಉಪಕರಣ ಮಲ್ಟಿಮೀಟರೊಂದೇ. ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ತು ನಿಜವಾಗಿ ನಿಂತಿದೆಯೆಂದು ಮೀಟರಿನಿಂದಲೇ ಖಚಿತಪಡಿಸಿಕೊಂಡ ಮೇಲೆ ಥರ್ಮಿಸ್ಟರಿನ ತಂತಿಯನ್ನು ಫಲಕದಿಂದ ಬಿಡಿಸಿ ಅದರ ರೋಧವನ್ನು ಅಳೆಯಬೇಕು. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಓಮ್ ತೋರಿಸುವ ಸಾಮಾನ್ಯ ಜಾತಿಯ ಥರ್ಮಿಸ್ಟರು 40 ಡಿಗ್ರಿಯಲ್ಲಿ ಸುಮಾರು 5,300 ಓಮ್ ತೋರಿಸುತ್ತದೆ. ತಂತಿಯೊಳಗೆ ತೇವ ಸೇರಿ ರೋಧ ತಗ್ಗಿದರೆ, ತಣ್ಣೀರನ್ನೇ ಬಿಸಿನೀರೆಂದು ಫಲಕ ನಂಬುತ್ತದೆ, ಹೀಟರನ್ನು ಹೊತ್ತಿಸುವುದೇ ಇಲ್ಲ. ಇಲ್ಲಿ ಬದಲಿಸಬೇಕಾದುದು ಅಲ್ಪಬೆಲೆಯ ಥರ್ಮಿಸ್ಟರನ್ನೇ ಹೊರತು ಫಲಕವನ್ನಲ್ಲ.

ಹೀಟರಿನ ಲೆಕ್ಕವೂ ಪ್ರೌಢಶಾಲೆಯ ಓಮ್ ನಿಯಮಕ್ಕಿಂತ ಮುಂದಿನದಲ್ಲ. 240 ವೋಲ್ಟಿನಲ್ಲಿ 5.5 ಕಿಲೋವಾಟ್ ಶಕ್ತಿಯ ಹೀಟರು ಸುಮಾರು 23 ಆಂಪಿಯರು ಸೆಳೆಯುತ್ತದೆ. ಅದರ ರೋಧ ಹತ್ತೂವರೆ ಓಮಿನಷ್ಟಿರಬೇಕು. ಮೀಟರು ಅನಂತ ರೋಧವನ್ನು ತೋರಿಸಿದರೆ ಒಳಗಿನ ಸುರುಳಿ ಕಡಿದಿದೆ. ಸುರುಳಿಗೂ ಹೊರಗಿನ ಲೋಹದ ಕವಚಕ್ಕೂ ಸಂಪರ್ಕ ಕಂಡುಬಂದರೆ ಅದು ಅತ್ಯಂತ ಅಪಾಯಕರ. ನೀರಿಗೆ ವಿದ್ಯುತ್ತು ಸೋರುವ ದಾರಿಯೇ ಅದು.

ಈ ಸೋರಿಕೆಯಿಂದ ಜೀವ ಉಳಿಸುವ ಸ್ವಿಚ್ಚನ್ನು 1961ರಲ್ಲಿ ಕಂಡುಹಿಡಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಝೀಲ್. ಕೈಗೆ ತಗುಲಿದ ತಂತಿಯನ್ನು ಮನುಷ್ಯನು ಎಷ್ಟು ಪ್ರವಾಹದವರೆಗೆ ತಾನಾಗಿ ಬಿಡಬಲ್ಲನೆಂದು ಅವರು ಸ್ವಯಂಸೇವಕರ ನೆರವಿನಿಂದ ಅಳೆದರು. ಪುರುಷರಲ್ಲಿ ಸರಾಸರಿ 16 ಮಿಲಿ ಆಂಪಿಯರು, ಸ್ತ್ರೀಯರಲ್ಲಿ ಹತ್ತೂವರೆ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 5 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಅಮೆರಿಕದಲ್ಲಿ ಬಳಕೆಯಲ್ಲಿರುವ ಈ ಸ್ವಿಚ್ಚು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುತ್ತದೆ. ಅದು ಪದೇ ಪದೇ ಬೀಳುತ್ತಿದ್ದರೆ ಬೇಸರಪಟ್ಟು ಅದನ್ನೇ ತೆಗೆದುಹಾಕುವುದು ಕಾವಲುಗಾರ ಕೂಗಿದನೆಂದು ಅವನ ಬಾಯಿ ಕಟ್ಟಿದಂತೆ. ವಿದ್ಯುತ್ತನ್ನು ನಿಲ್ಲಿಸಿ ಹೀಟರಿನ ಎರಡೂ ತಂತಿಗಳನ್ನು ಬಿಡಿಸಿ ನಿರೋಧಕ ಟೇಪು ಸುತ್ತಿ, ಮತ್ತೆ ವಿದ್ಯುತ್ತು ಕೊಟ್ಟು ನೋಡಬೇಕು. ಸ್ವಿಚ್ಚು ನಿಂತರೆ ದೋಷ ಹೀಟರಿನದು; ನಿಲ್ಲದಿದ್ದರೆ ಪಂಪು, ಗಾಳಿಯಂತ್ರಗಳನ್ನು ಅದೇ ಕ್ರಮದಲ್ಲಿ ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಒತ್ತಡದ ಸ್ವಿಚ್ಚಿಗೆ ತಂತಿ ಸುತ್ತಿ ‘ನೀರಿದೆ’ ಎಂದು ಫಲಕವನ್ನು ನಂಬಿಸುವ ಉಪಾಯವೂ ಅಷ್ಟೇ ಕೆಟ್ಟದು. ನೀರಿಲ್ಲದ ಹೀಟರು ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾದು ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು.

ಇಷ್ಟೆಲ್ಲ ನಿರ್ದೋಷವೆಂದು ತೇಲಿದ ಬಳಿಕವೇ ಫಲಕದ ಸರದಿ. ಬಹಳ ಬಾರಿ ಕಣ್ಣೇ ದೋಷವನ್ನು ಹೇಳುತ್ತದೆ: ಸಡಿಲ ತಿರುಪಿನಿಂದ ಕಾದು ಕಪ್ಪಾದ ಹೀಟರಿನ ಕೊಂಡಿ, ತೇವಕ್ಕೆ ಹಸಿರು ಕಿಲುಬು ಹಿಡಿದ ತಾಮ್ರ, ಸುತ್ತ ಬಿರುಕುಬಿಟ್ಟ ರಿಲೇಯ ಬೆಸುಗೆ, ರಿಲೇಯ ನಡುವೆ ಸಿಕ್ಕಿ ಸತ್ತ ಇರುವೆ. ಕಿಲುಬನ್ನು ಮೆಲ್ಲನೆ ಉಜ್ಜಿ ತೆಗೆದು, ಬೆಸುಗೆಯನ್ನು ಹೊಸದಾಗಿ ಹಾಕಬಹುದು. ರಿಲೇಯನ್ನು ಬದಲಿಸುವಾಗ ಸುರುಳಿಯ ವೋಲ್ಟು, ಸಂಪರ್ಕದ ಆಂಪಿಯರು ಎರಡೂ ಹಳೆಯದಕ್ಕೆ ಸರಿಹೊಂದಬೇಕು. ಫ್ಯೂಸಿನ ಬದಲು ದಪ್ಪ ತಂತಿ ಹಾಕಕೂಡದು. ಫಲಕದ ಹಲಗೆಯೇ ಸುಟ್ಟು ಇದ್ದಿಲಾಗಿದ್ದರೆ ಅಲ್ಲಿ ದುರಸ್ತಿಯ ಆಸೆ ಬಿಡುವುದು ಲೇಸು, ಇದ್ದಿಲೂ ವಿದ್ಯುದ್ವಾಹಕವೇ.

ಜೋಡಣೆ ಮುಗಿದ ಮೇಲೆ ಸೋರಿಕೆ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ಒತ್ತಿ, ಅದು ಬೀಳುವುದನ್ನು ಕಣ್ಣಾರೆ ನೋಡಬೇಕು. ಬಳಿಕ ತೊಟ್ಟಿಯಲ್ಲಿ ಯಾರನ್ನೂ ಕುಳ್ಳಿರಿಸದೆ ನೀರನ್ನು ಕಾಯಿಸಿ, ಫಲಕ ತೋರುವ ಅಂಕಿಯನ್ನು ಪ್ರತ್ಯೇಕ ಉಷ್ಣಮಾಪಕದೊಡನೆ ಹೋಲಿಸಬೇಕು. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವು ಶಿಫಾರಸು ಮಾಡಿರುವ ಮಿತಿ 104 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 40 ಡಿಗ್ರಿ ಸೆಲ್ಸಿಯಸ್. ನೀರು ಆ ಗೆರೆಯಲ್ಲಿ ನಿಂತು, ರಿಲೇ ‘ಟಕ್’ ಎಂದು ಬಿಟ್ಟುಕೊಂಡ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಹಾಕತಕ್ಕದ್ದು.