ವಾಟ್ಸಾಪಿನ ಮೂಲಕ ಮಾವಿನ ಮಾರಾಟವೂ ಗಿರಾಕಿಗಳ ವಿಶ್ವಾಸವೂ

ಫಸಲನ್ನು ಬೆಳೆಯುವುದು ಎಷ್ಟು ಕಷ್ಟವೋ ಅದನ್ನು ತಕ್ಕ ಬೆಲೆಗೆ ಮಾರುವುದು ಅದಕ್ಕಿಂತಲೂ ಕಷ್ಟವೆಂಬುದು ಒಕ್ಕಲುತನ ಮಾಡತಕ್ಕವರೆಲ್ಲರ ಅನುಭವಕ್ಕೆ ಬಂದ ವಿಷಯವಾಗಿದೆ. ಮಾವಿನ ತೋಪನ್ನು ಹೂ ಬಿಟ್ಟ ಕಾಲದಲ್ಲಿಯೇ ಗುತ್ತಿಗೆದಾರನಿಗೆ ವಹಿಸಿ, ಅವನು ಕೊಟ್ಟಷ್ಟನ್ನು ತೆಗೆದುಕೊಂಡು ಸುಮ್ಮನಿರುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಆ ಹಣ್ಣನ್ನು ಕಡೆಗೆ ತಿನ್ನುವವರು ಯಾರೆಂಬುದು ಬೆಳೆದವನಿಗೆ ತಿಳಿಯದು. ಬೆಳೆದವನು ಯಾರೆಂಬುದು ತಿನ್ನುವವನಿಗೂ ತಿಳಿಯದು. ಈ ಇಬ್ಬರನ್ನೂ ಮುಖಾಮುಖಿಯಾಗಿ ಮಾಡತಕ್ಕ ಒಂದು ಸಾಧನವು ಈಗ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನಲ್ಲಿಯೇ ಇರುವುದರಿಂದ, ಅದರ ಉಪಯೋಗವನ್ನು ಊರಿನ ಮುಖ್ಯಸ್ಥರಿಗೂ ಭೂಮಾಲಿಕರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

2020 ನೇ ಇಸವಿಯ ಮಾರ್ಚ್ ತಿಂಗಳ 25 ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದದ್ದನ್ನು ಯಾರೂ ಮರೆತಿರಲಾರರು. ದ್ರಾಕ್ಷಿಯೂ ಕಲ್ಲಂಗಡಿಯೂ ಕೊಯ್ಲಿಗೆ ಬಂದಿದ್ದುವು, ಕೊಳ್ಳುವವರು ಬರಲಿಲ್ಲ. ಅನೇಕರು ಹಣ್ಣನ್ನು ತಿಪ್ಪೆಗೆ ಸುರಿದರು. ಆದರೆ ಬೆಂಗಳೂರಿನ ಸುತ್ತಮುತ್ತಲಿನ ಕೆಲವರು ತಮ್ಮ ತೋಟದ ಚಿತ್ರವನ್ನೂ ದರವನ್ನೂ ನಗರದ ವಸತಿ ಸಮುಚ್ಚಯಗಳ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿ, ಬೇಡಿಕೆಯನ್ನು ಮೊದಲೇ ಪಡೆದು, ಬಾಗಿಲಿಗೆ ಹಣ್ಣನ್ನು ಮುಟ್ಟಿಸಿದರು. ಕಷ್ಟಕಾಲದಲ್ಲಿ ಕಲಿತ ಈ ಪಾಠವನ್ನು ಸುಖಕಾಲದಲ್ಲಿ ಮರೆಯುವುದು ವಿವೇಕವಲ್ಲ. ಅದಕ್ಕೂ ಮೊದಲು, 2019 ರಲ್ಲಿಯೇ, ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯ ಸಹಾಯದಿಂದ ಬೆಂಗಳೂರಿನ ಮನೆಗಳಿಗೆ ಮಾವಿನ ಪೆಟ್ಟಿಗೆಗಳನ್ನು ಕಳುಹಿಸುವ ಏರ್ಪಾಡನ್ನು ಆರಂಭಿಸಿತ್ತು.

ಸಾಧನದ ಸ್ವರೂಪ

ವ್ಯಾಪಾರಿಗಳಿಗಾಗಿಯೇ 2018 ರಲ್ಲಿ ಹೊರಬಂದ ವಾಟ್ಸಾಪ್ ಬಿಸಿನೆಸ್ ಎಂಬುದಕ್ಕೆ ಶುಲ್ಕವಿಲ್ಲ. ಇದರಲ್ಲಿ ತೋಟದ ಹೆಸರು, ವಿಳಾಸ ಮತ್ತು ವೇಳೆಗಳನ್ನು ಬರೆದಿಡಬಹುದು. ಬಾದಾಮಿ, ರಸಪುರಿ, ಮಲ್ಲಿಕಾ ಮುಂತಾದ ಪ್ರತಿಯೊಂದು ಜಾತಿಯ ಚಿತ್ರವನ್ನೂ ಬೆಲೆಯನ್ನೂ ಪಟ್ಟಿಯಾಗಿ ಜೋಡಿಸಬಹುದು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿರುವವರಿಗೆ ಮಾತ್ರ ಆ ಸಂದೇಶವು ತಲಪುವುದು. ಆದಕಾರಣ ಹಣ್ಣನ್ನು ಕೊಡುವಾಗಲೇ ನಂಬರನ್ನು ಉಳಿಸಿಕೊಳ್ಳಬೇಕೆಂದು ಗಿರಾಕಿಯನ್ನು ಕೇಳಿಕೊಳ್ಳತಕ್ಕದ್ದು. ಪರಿಚಿತರನ್ನು ಕಾಪಾಡಿಕೊಳ್ಳಲು ವಾಟ್ಸಾಪು ಹೇಗೋ, ಅಪರಿಚಿತರಿಗೆ ಪರಿಚಯವಾಗಲು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ಯೂಟ್ಯೂಬ್‌ಗಳು ಹಾಗೆ.

ವಿಶ್ವಾಸವೇ ಬಂಡವಾಳ

ಜಾಹೀರಾತಿಗಿಂತ ವಿಶ್ವಾಸವು ದೊಡ್ಡದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೃಷ್ಟಾಂತವಿದೆ. 2023 ನೇ ಏಪ್ರಿಲ್ ತಿಂಗಳಲ್ಲಿ ಗುಜರಾತಿನ ಅಮುಲ್ ಸಂಸ್ಥೆಯು ಬೆಂಗಳೂರಿಗೆ ತನ್ನ ಹಾಲು ಮೊಸರುಗಳು ಬರಲಿವೆಯೆಂದು ಟ್ವಿಟರಿನಲ್ಲಿ ಪ್ರಕಟಿಸಿತು. ಅಮುಲ್ ಸಹ ಹಾಲು ಉತ್ಪಾದಕರದೇ ಸಹಕಾರ ಸಂಸ್ಥೆ. 1966 ರಿಂದ ಒಂದೇ ಪುಟ್ಟ ಹುಡುಗಿಯ ಚಿತ್ರವನ್ನಿಟ್ಟುಕೊಂಡು ಆಗಾಗಿನ ಸಂಗತಿಗಳನ್ನು ಕುರಿತು ಜಾಹೀರಾತು ಮಾಡುವುದರಲ್ಲಿ ಅದು ಹೆಸರುವಾಸಿಯಾದದ್ದು. ಹೀಗಿದ್ದರೂ ಆ ಪ್ರಕಟಣೆಗೆ ಬಂದ ಉತ್ತರವೇ ಬೇರೆ. ಸಾವಿರಾರು ಮಂದಿ ಗಿರಾಕಿಗಳು ತಾವಾಗಿಯೇ ನಂದಿನಿಯ ಪಕ್ಷವನ್ನು ವಹಿಸಿ ಬರೆದರು. ಬೆಂಗಳೂರಿನ ಹೋಟೆಲು ಮಾಲಿಕರ ಸಂಘವೂ ನಂದಿನಿಯನ್ನೇ ಬಳಸುವುದಾಗಿ ಸಾರಿತು. ಚುನಾವಣೆಯ ಕಾಲವಾದ್ದರಿಂದ ರಾಜಕೀಯವೂ ಬೆರೆಯಿತೆಂಬುದು ನಿಜ. ಆದರೂ ದಿನಬೆಳಗಾದರೆ ಮನೆಗೆ ಬರುವ ಹಾಲಿನಿಂದ ಬೆಳೆದ ವಿಶ್ವಾಸವಿಲ್ಲದಿದ್ದರೆ ಅಷ್ಟು ಜನರು ಬಾಯಿ ತೆರೆಯುತ್ತಿರಲಿಲ್ಲ.

ಅನುಸರಿಸತಕ್ಕ ಕ್ರಮಗಳು

1. ಚಿತ್ರವು ನಮ್ಮ ತೋಟದ್ದೇ ಆಗಿರಬೇಕು. ಬೇರೆಯವರ ಅಂದವಾದ ಹಣ್ಣನ್ನು ತೋರಿಸಿ ನಮ್ಮ ಹಣ್ಣನ್ನು ಕಳುಹಿಸಿದರೆ ಗಿರಾಕಿಯು ಎರಡನೆಯ ಸಲ ಬಾರನು.

2. ಹೂವು, ಈಚು, ಕೊಯ್ಲು, ಹುಲ್ಲಿನಲ್ಲಿ ಹಣ್ಣು ಮಾಡುವುದು, ಇವುಗಳನ್ನು ಕಾಲಕಾಲಕ್ಕೆ ತೋರಿಸುತ್ತಿರಬೇಕು. ರಾಮನಗರದ ಮಾವು ಮೊದಲು ಬರುವುದು, ಶ್ರೀನಿವಾಸಪುರದ್ದು ಆಮೇಲೆ. ಈ ವ್ಯತ್ಯಾಸವು ನಗರದವರಿಗೆ ತಿಳಿಯದು. ತಿಳಿಸಿದರೆ ಕಾದಿದ್ದು ಕೊಳ್ಳುವರು.

3. ತೂಕ, ದರ, ಸಾಗಾಣಿಕೆಯ ವೆಚ್ಚ, ಕೊಡುವ ದಿನ, ಈ ನಾಲ್ಕನ್ನೂ ಮೊದಲೇ ಸ್ಪಷ್ಟವಾಗಿ ಬರೆಯಬೇಕು.

4. ಹಣ್ಣು ಕೊಳೆತಿತ್ತೆಂದು ಯಾರಾದರೂ ದೂರಿದರೆ ವಾದಿಸಕೂಡದು. ಎಲ್ಲರೆದುರಿಗೂ ವಿನಯದಿಂದ ಉತ್ತರ ಕೊಟ್ಟು, ಬದಲು ಹಣ್ಣನ್ನೋ ಹಣವನ್ನೋ ಕೊಡಬೇಕು. ಹಾಗೆ ಸರಿಪಡಿಸಿದ ಒಂದು ದೂರು ಹತ್ತು ಹೊಗಳಿಕೆಗಳಿಗೆ ಸಮ.

5. ದಿನಕ್ಕೆ ಹತ್ತು ಸಂದೇಶಗಳನ್ನು ಕಳುಹಿಸಿ ಬೇಸರಪಡಿಸಬಾರದು. ಅನೇಕರು ದೂರಿತ್ತರೆ ನಂಬರೇ ರದ್ದಾಗುವ ಸಂಭವವುಂಟು.

ಎಚ್ಚರಿಕೆಯ ಮಾತುಗಳು

ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡುವುದು ಕಾನೂನಿಗೆ ವಿರುದ್ಧ. ಪ್ರಮಾಣಪತ್ರವಿಲ್ಲದೆ ಸಾವಯವವೆಂದು ಹೇಳಿಕೊಳ್ಳುವುದೂ ತರವಲ್ಲ. ದಾರಿತಪ್ಪಿಸುವ ಜಾಹೀರಾತನ್ನು 2019 ನೇ ಇಸವಿಯ ಗ್ರಾಹಕ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಉಪ್ಪಿನಕಾಯಿ, ಹಪ್ಪಳ ಮುಂತಾದುವನ್ನು ತಯಾರಿಸಿ ಮಾರುವವರು ಆಹಾರ ಸುರಕ್ಷತಾ ನೋಂದಣಿಯನ್ನು ಪಡೆಯತಕ್ಕದ್ದು.

ಮೋಸಗಾರರ ವಿಷಯದಲ್ಲಿ ವಿಶೇಷವಾಗಿ ಜಾಗರೂಕರಾಗಿರಬೇಕು. ತಾನು ಸೈನ್ಯದವನೆಂದು ಹೇಳಿಕೊಂಡು, ಚೌಕಾಸಿಯನ್ನೇ ಮಾಡದೆ ಹೆಚ್ಚು ಮಾಲಿಗೆ ಬೇಡಿಕೆಯಿತ್ತು, ಮುಂಗಡ ಹಣಕ್ಕಾಗಿ ಕ್ಯೂಆರ್ ಕೋಡನ್ನು ಕಳುಹಿಸಿ ಪಿನ್ನನ್ನು ಒತ್ತಿರೆಂದು ಹೇಳುವವನು ಕಳ್ಳನೇ ಸರಿ. ಯುಪಿಐಯಲ್ಲಿ ಹಣವನ್ನು ಪಡೆಯುವುದಕ್ಕೆ ಪಿನ್ನು ಎಂದಿಗೂ ಬೇಕಿಲ್ಲ. ಪಿನ್ನನ್ನು ಒತ್ತಿದರೆ ಹಣವು ಹೋಗುವುದೇ ಹೊರತು ಬಾರದು. ಮೋಸಹೋದವರು ಒಡನೆಯೇ 1930 ಎಂಬ ನಂಬರಿಗೆ ದೂರು ಕೊಡಬೇಕು.

ಹೀಗೆಂದ ಮಾತ್ರಕ್ಕೆ ಇಡೀ ಫಸಲನ್ನು ಈ ಮಾರ್ಗದಿಂದಲೇ ಮಾರಬಹುದೆಂದು ಯಾರೂ ಭಾವಿಸಬಾರದು. ಹೆಚ್ಚಿನ ಪಾಲು ಮಂಡಿಗೇ ಹೋಗಲಿ. ಮೊದಲನೆಯ ವರ್ಷ ಆಯ್ದ ಒಂದೆರಡು ಮರಗಳ ಹಣ್ಣನ್ನು ಹೀಗೆ ಮಾರಿ ನೋಡುವುದು ಉತ್ತಮ. ಸಣ್ಣ ಹಿಡುವಳಿದಾರರಿಗೆ ಒಬ್ಬೊಬ್ಬರೇ ಇದನ್ನು ನಡೆಸುವುದು ಸುಲಭವಲ್ಲ. ಊರಿನ ಮುಖ್ಯಸ್ಥರು ಮುಂದಾಗಿ ನಿಂತು, ಓದುಬರಹ ಬಲ್ಲ ಒಬ್ಬಿಬ್ಬರು ಯುವಕ ಯುವತಿಯರಿಗೆ ಈ ಕೆಲಸವನ್ನು ಒಪ್ಪಿಸಿ, ನಾಲ್ಕಾರು ತೋಪುಗಳ ಹಣ್ಣನ್ನು ಒಂದೇ ಹೆಸರಿನಿಂದ ಮಾರುವ ಏರ್ಪಾಡು ಮಾಡಿದರೆ, ಊರಿಗೆ ಹಣವೂ ಬರುವುದು, ಹೆಸರೂ ಉಳಿಯುವುದು.